ಆಲ್ಡರ್ ಮರ: ಗುರುತು ಹಿಡಿಯುವುದರಿಂದ ಸಸಿ ನೆಟ್ಟು ಬೆಳೆಸುವವರೆಗೆ

ಮೊದಲೇ ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಆಲ್ಡರ್‌ಗೂ ಆಲದ ಮರಕ್ಕೂ ಸಂಬಂಧವಿಲ್ಲ. ಕಿವಿಗೆ ಒಂದೇ ಥರ ಕೇಳಿಸುತ್ತವೆ, ಅಷ್ಟೇ. ಆಲ ಅತ್ತಿಯ ಬಳಗ, ಆಲ್ಡರ್ ಬರ್ಚ್ ಮರದ ಬಳಗ. ‘ಎಲ್ಡರ್’ ಅಂತ ಇನ್ನೊಂದು ಗಿಡವಿದೆ, ಅದೂ ಬೇರೆಯೇ. ಎಲ್ಡರ್‌ನ ಒಂದೊಂದು ತೊಟ್ಟಿನಲ್ಲಿ ಐದೋ ಏಳೋ ಎಲೆಗಳಿರುತ್ತವೆ, ರಸ ತುಂಬಿದ ಪುಟ್ಟ ಹಣ್ಣು ಬಿಡುತ್ತದೆ. ಆಲ್ಡರ್‌ನಲ್ಲಿ ಒಂದು ತೊಟ್ಟಿಗೆ ಒಂದೇ ಎಲೆ. ಹಣ್ಣಿನ ಮಾತೇ ಇಲ್ಲ.

ಆಲ್ನಸ್ ಅನ್ನುವ ಈ ಕುಲದಲ್ಲಿ 35 ರಿಂದ 40 ಜಾತಿಗಳಿವೆ. ಹೆಚ್ಚಿನವು ಉತ್ತರದ ತಂಪು ನಾಡುಗಳವು: ಯುರೋಪ್, ಸೈಬೀರಿಯಾ, ಜಪಾನ್, ಉತ್ತರ ಅಮೆರಿಕ. ಹಿಮಾಲಯದಲ್ಲೂ ಇವೆ. ಒಂದು ಜಾತಿಯಂತೂ ಮೆಕ್ಸಿಕೊದಿಂದ ಹಿಡಿದು ಆಂಡಿಸ್ ಬೆಟ್ಟಸಾಲಿನ ಗುಂಟ ಅರ್ಜೆಂಟೀನಾದವರೆಗೂ ಇಳಿದಿದೆ. ಯಾವ ದೇಶದ್ದಾದರೂ ಇದರ ಬಯಕೆ ಹೆಚ್ಚುಕಮ್ಮಿ ಎರಡೇ: ಕಾಲಿಗೆ ನೀರು, ತಲೆಗೆ ಬಿಸಿಲು. ಆಲ್ಡರ್ ಹುಡುಕಲು ಎಲ್ಲಿಗೆ ಹೋಗಬೇಕು, ಸಸಿಯನ್ನು ಎಲ್ಲಿ ನೆಡಬೇಕು ಅನ್ನುವ ಎರಡೂ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಎಲೆಗಿಂತ ಮೊದಲು ಕಾಯಿ ನೋಡಿ

ಮರ ಗುರುತಿಸಲು ಹೊರಟವರು ಸಾಮಾನ್ಯವಾಗಿ ಎಲೆ ಹಿಡಿದು ನೋಡುತ್ತಾರೆ. ಆಲ್ಡರ್ ವಿಷಯದಲ್ಲಿ ನಾನು ಹೇಳುವುದು ಉಲ್ಟಾ. ಎಲೆ ಜಾತಿಯಿಂದ ಜಾತಿಗೆ ಬದಲಾಗುತ್ತದೆ. ಕಾಯಿ ಬದಲಾಗುವುದಿಲ್ಲ.

ಪೈನ್ ಮರದ ಕಾಯಿ ನೋಡಿದ್ದೀರಲ್ಲ? ಅದನ್ನೇ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿದರೆ ಆಲ್ಡರ್ ಕಾಯಿ. ಒಂದರಿಂದ ಎರಡು ಸೆಂಟಿಮೀಟರ್ ಉದ್ದ, ಗಟ್ಟಿ, ಒಣಗಿದ ಮೇಲೆ ಕಂದು ಕಪ್ಪು. ಸೂಜಿ ಎಲೆಯ ಮರವಲ್ಲದಿದ್ದರೂ ಹೀಗೆ ಕಟ್ಟಿಗೆಯಂಥ ಕಾಯಿ ಹೊತ್ತು ನಿಲ್ಲುವುದೇ ಇದರ ವಿಶೇಷ. ಬೀಜ ಉದುರಿ ಹೋದ ಮೇಲೂ ಖಾಲಿ ಕಾಯಿ ಕೊಂಬೆಯಲ್ಲೇ ಉಳಿಯುತ್ತದೆ. ಹೀಗಾಗಿ ಬೋಳು ಮರದಲ್ಲೂ ಗುರುತು ಸಿಗುತ್ತದೆ.

ಚಳಿಗಾಲದಲ್ಲಿ ಒಂದು ರೆಂಬೆ ಬಗ್ಗಿಸಿ ಕಣ್ಣಿನ ಹತ್ತಿರ ತಂದುಕೊಳ್ಳಿ. ಹೋದ ವರ್ಷದ ಕಪ್ಪು ಕಾಯಿಗಳು ಅಲ್ಲೇ ಇರುತ್ತವೆ. ಪಕ್ಕದಲ್ಲೇ ಬರುವ ವಸಂತಕ್ಕೆ ತಯಾರಾದ ಗಂಡು ಹೂವಿನ ತೆನೆಗಳು, ಹಿಪ್ಪಲಿ ಕಾಯಿಯಂತೆ ಬಿಗಿಯಾಗಿ, ಮೂರೋ ನಾಲ್ಕೋ ಒಟ್ಟಿಗೆ ಇರುತ್ತವೆ. ಇನ್ನೂ ಸ್ವಲ್ಪ ಕಣ್ಣು ಕಿರಿದು ಮಾಡಿದರೆ ಅದೇ ರೆಂಬೆಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಹೆಣ್ಣು ಮೊಗ್ಗುಗಳೂ ಕಾಣುತ್ತವೆ. ಮುಂದೆ ಕಾಯಿಯಾಗುವುದು ಇವೇ. ಹಳೆಯದು, ಹೊಸದು ಎಲ್ಲ ಒಂದೇ ರೆಂಬೆಯಲ್ಲಿ. ಇಷ್ಟು ಕಂಡರೆ ಮರ ಯಾವುದು ಅಂತ ಅನುಮಾನ ಬೇಡ.

ಗಂಡು ತೆನೆ ಅರಳಿದಾಗ 5 ರಿಂದ 10 ಸೆಂಟಿಮೀಟರ್ ಉದ್ದಕ್ಕೆ ಜೋಲುತ್ತದೆ, ಬೆರಳು ತಾಗಿದರೆ ಸಾಕು ಹಳದಿ ಪುಡಿ ಹಾರುತ್ತದೆ. ಗಾಳಿಯೇ ಪರಾಗ ಸಾಗಿಸುವುದರಿಂದ ಹೂವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಯುರೋಪಿನಲ್ಲಿ ಇದು ಫೆಬ್ರುವರಿಯಿಂದ ಏಪ್ರಿಲ್ ಒಳಗೆ, ಎಲೆ ಚಿಗುರುವ ಮೊದಲೇ ನಡೆಯುತ್ತದೆ. ಪರಾಗದ ಅಲರ್ಜಿ ಇರುವವರು ಆ ದಿನಗಳಲ್ಲಿ ಸೀನುತ್ತಾ ಇರುವುದಕ್ಕೆ ಈ ಮರವೂ ಒಂದು ಕಾರಣ.

ಮೊಗ್ಗು, ರೆಂಬೆ, ತೊಗಟೆ, ಎಲೆ

ಕಾಯಿ ಬಿಡದ ಎಳೆ ಮರವಾದರೆ ಮೊಗ್ಗು ನೋಡಿ. ಹೆಚ್ಚಿನ ಮರಗಳಲ್ಲಿ ಮೊಗ್ಗು ರೆಂಬೆಗೆ ಅಂಟಿಕೊಂಡು ಕೂತಿರುತ್ತದೆ. ಆಲ್ಡರ್ ಮೊಗ್ಗಿಗೆ ಕೆಳಗೆ ಪುಟ್ಟ ತೊಟ್ಟು ಇರುತ್ತದೆ. ಬಣ್ಣ ನೇರಳೆ ಮಿಶ್ರಿತ ಕಂದು. ಬೆಟ್ಟದ ಪೊದೆಯಾಗಿ ಬೆಳೆಯುವ ಹಸಿರು ಆಲ್ಡರ್ ಮಾತ್ರ ಇದಕ್ಕೆ ಹೊರತು, ಅದರ ಮೊಗ್ಗು ತೊಟ್ಟಿಲ್ಲದೆ ಚೂಪಾಗಿರುತ್ತದೆ.

ನನಗೆ ಇಷ್ಟವಾದ ಇನ್ನೊಂದು ಪರೀಕ್ಷೆ ಇದೆ. ಎಳೆ ರೆಂಬೆಯನ್ನು ಹರಿತವಾದ ಚಾಕುವಿನಿಂದ ಅಡ್ಡಕ್ಕೆ ಕತ್ತರಿಸಿ ನಡುವಿನ ತಿರುಳು ನೋಡಿ. ಗುಂಡಗಿರಬೇಕಾದದ್ದು ಮೂರು ಮೂಲೆಯಾಗಿರುತ್ತದೆ. ಎಲೆಗಳು ರೆಂಬೆಯ ಸುತ್ತ ಮೂರು ಸಾಲಿನಲ್ಲಿ ಸುತ್ತಿಕೊಂಡು ಬರುವುದರ ಗುರುತು ಅದು.

ಎಳೆ ತೊಗಟೆ ನುಣುಪು, ಹಸಿರು ಕಂದು, ಅಲ್ಲಲ್ಲಿ ಉಸಿರಾಟದ ಸಣ್ಣ ಗೀರುಗಳು. ಕಪ್ಪು ಆಲ್ಡರ್ ವಯಸ್ಸಾದಂತೆ ಬಿರುಕು ಬಿಟ್ಟು ಕಪ್ಪಾಗುತ್ತದೆ, ಬೂದು ಆಲ್ಡರ್ ಮಾತ್ರ ಮುದಿಯಾದರೂ ನುಣುಪಾಗಿಯೇ ಇರುತ್ತದೆ. ಕಡಿದ ಮರದ ಬುಡ ಸಿಕ್ಕರೆ ಇನ್ನೂ ಸುಲಭ. ಕಡಿದಾಗ ಬಿಳಿಚಿಕೊಂಡಿದ್ದ ಮರ ಗಾಳಿ ತಾಗುತ್ತಿದ್ದಂತೆ ಕಿತ್ತಳೆ ಕೆಂಪಿಗೆ ತಿರುಗುತ್ತದೆ. ರಕ್ತ ಸುರಿದ ಹಾಗೆ ಕಾಣುತ್ತದೆ, ಮೊದಲ ಸಲ ನೋಡಿದವರು ಬೆಚ್ಚಿಬೀಳುವುದೂ ಉಂಟು.

ಈಗ ಎಲೆಗೆ ಬರೋಣ. ಎಲೆ ಒಂದಾದ ಮೇಲೊಂದರಂತೆ, ಅತ್ತಿತ್ತ ಬರುತ್ತದೆ, ಎದುರುಬದುರಾಗಿ ಅಲ್ಲ. ಅಂಚಿನಲ್ಲಿ ಗರಗಸದ ಹಲ್ಲು. ಕಪ್ಪು ಆಲ್ಡರ್‌ನ ಎಲೆಯ ತುದಿ ಚೂಪಾಗಿರುವುದೇ ಇಲ್ಲ. ಯಾರೋ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ತೆಗೆದ ಹಾಗೆ ಒಳಕ್ಕೆ ಬಾಗಿರುತ್ತದೆ. ಚಿಗುರೆಲೆ ಮುಟ್ಟಿದರೆ ಕೈಗೆ ಅಂಟುತ್ತದೆ. ಅದರ ಶಾಸ್ತ್ರೀಯ ಹೆಸರಿನಲ್ಲಿರುವ ‘ಗ್ಲೂಟಿನೋಸಾ’ ಅಂದರೂ ಅಂಟಂಟು ಅಂತಲೇ ಅರ್ಥ.

ಎಲೆ ಉದುರುವ ಕಾಲದಲ್ಲಿ ಇನ್ನೊಂದು ಗಮನಿಸಿ. ಸುತ್ತಲಿನ ಮರಗಳೆಲ್ಲ ಹಳದಿ, ಕೆಂಪು ಆಗುತ್ತಿದ್ದರೆ ಆಲ್ಡರ್ ಹಸಿರೆಲೆಯನ್ನೇ ಉದುರಿಸುತ್ತದೆ. ಬೇರೆ ಮರಗಳು ಎಲೆ ಬಿಡುವ ಮೊದಲು ಅದರಲ್ಲಿರುವ ಸಾರಜನಕವನ್ನು ವಾಪಸ್ ಎಳೆದುಕೊಳ್ಳುತ್ತವೆ. ಇದಕ್ಕೆ ಆ ಜಿಪುಣತನ ಬೇಕಿಲ್ಲ, ಯಾಕೆ ಅಂತ ಬೇರಿನ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಯಾವ ಆಲ್ಡರ್?

ಕುಲ ಗೊತ್ತಾದ ಮೇಲೆ ಜಾತಿ. ಎಲ್ಲವನ್ನೂ ಹೇಳುತ್ತಾ ಕೂರುವುದಿಲ್ಲ, ಜಾಸ್ತಿ ಸಿಗುವವು ಇಷ್ಟು.

ಕಪ್ಪು ಆಲ್ಡರ್ ಯುರೋಪಿನ ಹೊಳೆದಂಡೆಗಳ ಮರ. 20 ರಿಂದ 30 ಮೀಟರ್ ಎತ್ತರ. ತುದಿ ಕಚ್ಚಿದಂಥ ಗುಂಡನೆಯ ಎಲೆ.

ಬೂದು ಆಲ್ಡರ್ ಎಲೆಯ ತುದಿ ಚೂಪು, ಅಡಿಭಾಗ ಬೂದು ಬಣ್ಣ. ಚಳಿಯನ್ನು ಚೆನ್ನಾಗಿ ತಡೆಯುತ್ತದೆ. ಬೇರಿನಿಂದಲೇ ಹೊಸ ಸಸಿ ಎಬ್ಬಿಸಿಕೊಂಡು ಹರಡುತ್ತದೆ, ಚಿಕ್ಕ ಜಾಗದವರಿಗೆ ಇದು ತಲೆನೋವು.

ಕೆಂಪು ಆಲ್ಡರ್ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯದ್ದು, ಅಲಾಸ್ಕಾದಿಂದ ಕ್ಯಾಲಿಫೋರ್ನಿಯಾವರೆಗೆ. ಎಲೆಯ ಅಂಚನ್ನು ಬೆರಳಿನಿಂದ ಸವರಿ ನೋಡಿ: ಅಡಿಗೆ ಸಣ್ಣಗೆ ಮಡಚಿಕೊಂಡಿರುತ್ತದೆ. ಬೆಳವಣಿಗೆಯಲ್ಲಿ ಇದು ಓಟಗಾರ. ಒಳ್ಳೆ ಜಾಗ ಸಿಕ್ಕರೆ 10 ವರ್ಷಕ್ಕೆ 15 ಮೀಟರ್ ಆಸುಪಾಸು ಎತ್ತರ ಬರುತ್ತದೆ. ಹಲವು ಎಲೆಕ್ಟ್ರಿಕ್ ಗಿಟಾರ್‌ಗಳ ಮೈಗೆ ಬಳಸುವ ಮರ ಇದೇ.

ಇಟಾಲಿಯನ್ ಆಲ್ಡರ್ ದಕ್ಷಿಣ ಇಟಲಿ ಮತ್ತು ಕಾರ್ಸಿಕಾದ ಮರ. ಹೃದಯದ ಆಕಾರದ ಹೊಳೆಯುವ ಎಲೆ, ಬಳಗದಲ್ಲೇ ದೊಡ್ಡದು ಅನ್ನಬಹುದಾದ ಕಾಯಿ. ಸುಣ್ಣದ ಅಂಶ ಇರುವ, ಸ್ವಲ್ಪ ಒಣಗಿದ ನೆಲವನ್ನೂ ತಡೆದುಕೊಳ್ಳುತ್ತದೆ. ಇದೊಂದು ದೊಡ್ಡ ಅನುಕೂಲ.

ಹಿಮಾಲಯದ ಆಲ್ಡರ್‌ಗೆ ನೇಪಾಳಿಯಲ್ಲಿ ಉತ್ತಿಸ್ ಅನ್ನುತ್ತಾರೆ. ಇದರ ಗಡಿಯಾರವೇ ಬೇರೆ. ಹೆಚ್ಚಿನವು ವಸಂತದ ಹೊತ್ತಿಗೆ ಹೂ ಬಿಟ್ಟರೆ ಇದು ಅಕ್ಟೋಬರ್‌ನಿಂದ ಡಿಸೆಂಬರ್ ಹೊತ್ತಿಗೆ ಬಿಡುತ್ತದೆ. ಭೂಕುಸಿತವಾಗಿ ಬರಿದಾದ ಇಳಿಜಾರಿನಲ್ಲಿ ಮೊದಲು ಬಂದು ಬೇರೂರುವ ಮರಗಳಲ್ಲಿ ಇದೂ ಒಂದು. ಸಿಕ್ಕಿಂನಲ್ಲಿ ದೊಡ್ಡ ಏಲಕ್ಕಿ ತೋಟಕ್ಕೆ ನೆರಳಿನ ಮರವಾಗಿ ಇದನ್ನೇ ಬೆಳೆಸುತ್ತಾರೆ.

ಮೋಸ ಹೋಗುವ ಜಾಗಗಳು

ಹೇಜಲ್ ಗಿಡದಲ್ಲೂ ಚಳಿಗಾಲದಲ್ಲಿ ಇಂಥದೇ ತೆನೆ ಜೋಲುತ್ತದೆ. ನಾನೂ ಮೊದಲು ಅದನ್ನು ಆಲ್ಡರ್ ಅಂದುಕೊಂಡು ಫೋಟೊ ತೆಗೆದುಕೊಂಡು ಖುಷಿಪಟ್ಟಿದ್ದೆ. ಆಮೇಲೆ ನೋಡಿದರೆ ಫೋಟೊದಲ್ಲಿ ಒಂದೇ ಒಂದು ಕಾಯಿ ಇರಲಿಲ್ಲ. ಬರ್ಚ್‌ನಲ್ಲಿ ಕಾಯಿಯಂಥದ್ದು ಇದ್ದರೂ ಮುಟ್ಟಿದರೆ ಪುಡಿಪುಡಿಯಾಗಿ ಉದುರುತ್ತದೆ, ಆಲ್ಡರ್ ಕಾಯಿ ಹಾಗೆ ಪುಡಿಯಾಗುವುದಿಲ್ಲ. ಲಾರ್ಚ್ ಕೂಡ ಎಲೆ ಉದುರಿಸಿ ಕಾಯಿ ಹೊತ್ತು ನಿಲ್ಲುವ ಮರವೇ, ಆದರೆ ಅದರ ರೆಂಬೆಯ ಉದ್ದಕ್ಕೂ ಗಂಟುಗಂಟು ಇರುತ್ತದೆ, ಜೋಲುವ ತೆನೆ ಇರುವುದಿಲ್ಲ.

ಬೇರಿನ ಗುಟ್ಟು

ಬೆಳೆಸುವ ವಿಧಾನಕ್ಕೆ ಹೋಗುವ ಮೊದಲು ಇದು ಗೊತ್ತಿರಬೇಕು. ಇಲ್ಲದಿದ್ದರೆ ಸುಮ್ನೆ ಗೊಬ್ಬರಕ್ಕೆ ದುಡ್ಡು ಸುರಿಯುತ್ತೀರಿ.

ಎಳೆ ಆಲ್ಡರ್‌ನ ಬುಡದ ಮಣ್ಣನ್ನು ಮೆಲ್ಲಗೆ ಕೆದಕಿದರೆ ಬೇರಿನಲ್ಲಿ ಹವಳದ ಹಾಗೆ ಕವಲೊಡೆದ ಗಂಟುಗಳು ಸಿಗುತ್ತವೆ. ಬಣ್ಣ ಕಿತ್ತಳೆ ಮಿಶ್ರಿತ ಕಂದು. ಎಳೆಯದು ಬಟಾಣಿಯಷ್ಟು, ಹಳೆಯದು ಟೆನಿಸ್ ಚೆಂಡಿನಷ್ಟೂ ಆಗಬಹುದು. ಅದರೊಳಗೆ ಫ್ರಾಂಕಿಯಾ ಅನ್ನುವ ಸೂಕ್ಷ್ಮಜೀವಿ ಕೂತಿರುತ್ತದೆ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಮರಕ್ಕೆ ಕೊಡುತ್ತದೆ, ಮರ ಅದಕ್ಕೆ ಸಕ್ಕರೆ ಕೊಡುತ್ತದೆ. ಬೇಳೆಕಾಳಿನ ಗಿಡಗಳ ಬೇರುಗಂಟು ಮಾಡುವ ಕೆಲಸವೇ ಇದು, ಆದರೆ ಅಲ್ಲಿ ಕೆಲಸ ಮಾಡುವ ಜೀವಿ ಬೇರೆ, ರೈಜೋಬಿಯಂ. ಹಾಗಾಗಿ ಬೇಳೆಕಾಳಿಗೆ ಹಾಕುವ ರೈಜೋಬಿಯಂ ಪುಡಿಯನ್ನು ಆಲ್ಡರ್‌ಗೆ ಹಾಕಿ ಪ್ರಯೋಜನವಿಲ್ಲ.

ಕೆಂಪು ಆಲ್ಡರ್ ತೋಪಿನಲ್ಲಿ ಹೀಗೆ ಒಂದು ಹೆಕ್ಟೇರಿಗೆ ವರ್ಷಕ್ಕೆ 50 ರಿಂದ 200 ಕೆಜಿ ಸಾರಜನಕ ಮಣ್ಣಿಗೆ ಸೇರುತ್ತದೆ. ಗಣಿ ಅಗೆದು ಹಾಳಾದ ನೆಲ, ಜಲ್ಲಿ ದಿಬ್ಬ, ಹಿಮನದಿ ಸರಿದು ಬರಿದಾದ ಜಾಗ, ಇಂಥ ಕಡೆ ಆಲ್ಡರ್ ನೆಲೆ ನಿಲ್ಲುವುದು ಈ ಬಲದಿಂದಲೇ. ಮನೆಯಲ್ಲಿ ಉಣ್ಣಲು ಸಾಕಷ್ಟಿದ್ದವರು ಎಲೆಯ ಚೂರುಪಾರು ಸಾರಜನಕ ಉಳಿಸಲು ಯಾಕೆ ಒದ್ದಾಡಬೇಕು, ಅಲ್ವಾ? ಹಸಿರೆಲೆ ಉದುರಿಸುವುದು ಅದಕ್ಕೇ.

ಹಂತ 1: ಜಾಗ ನೋಡುವುದು

ಹೊಳೆ, ಕೆರೆ, ಕಾಲುವೆಯ ದಂಡೆ, ಜೌಗು ನೆಲ, ಮಳೆಗಾಲದಲ್ಲಿ ನೀರು ನಿಂತು ಬೇರೆ ಮರ ಕೊಳೆಯುವ ತಗ್ಗು, ಇವೆಲ್ಲ ಆಲ್ಡರ್‌ಗೆ ಹೇಳಿ ಮಾಡಿಸಿದ ಜಾಗ. ಬೇರು ನೀರಿನಲ್ಲಿ ಮುಳುಗಿದರೂ ತೊಗಟೆಯ ಗೀರುಗಳಿಂದ ಗಾಳಿ ಎಳೆದು ಕೆಳಗೆ ಸಾಗಿಸುವ ಶಕ್ತಿ ಇದಕ್ಕಿದೆ. ಬೇರಿಗೆ ನೀರಿನ ಪಸೆ ಸಿಗುವಂತಿದ್ದರೆ ಮಳೆ ಎಷ್ಟು ಅನ್ನುವುದು ದೊಡ್ಡ ವಿಷಯವಲ್ಲ. ಬರೀ ಮಳೆಯನ್ನೇ ನಂಬುವ ಒಣ ಇಳಿಜಾರಾದರೆ ಕಪ್ಪು ಆಲ್ಡರ್ ಬಿಡಿ, ಇಟಾಲಿಯನ್ ನೋಡಿ.

ಮಣ್ಣು ಜೇಡಿಯಾದರೂ ಸರಿ, ಮರಳಾದರೂ ಸರಿ. ಹುಳಿಗುಣ, ಅಂದರೆ ಪಿಎಚ್, 5.5 ರಿಂದ 7 ರ ನಡುವೆ ಇದ್ದರೆ ಬೇರುಗಂಟು ಚೆನ್ನಾಗಿ ಕಟ್ಟುತ್ತದೆ. ಸುಣ್ಣ ಜಾಸ್ತಿ ಇರುವ ನೆಲದಲ್ಲಿ ಕಪ್ಪು ಆಲ್ಡರ್ ಸೊರಗುತ್ತದೆ.

ನೆರಳಿನ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ದೊಡ್ಡ ಮರದ ಕೆಳಗೆ ನೆಟ್ಟ ಆಲ್ಡರ್ ಬದುಕುತ್ತದೆ ಅನ್ನುವ ಆಸೆ ಬೇಡ. ಚಳಿಯೇ ಬೀಳದ ಬಿಸಿ ಬಯಲಿನಲ್ಲಿ, ಎಷ್ಟೇ ನೀರು ಕೊಟ್ಟರೂ, ತಂಪು ನಾಡಿನ ಜಾತಿಗಳು ಸುಖವಾಗಿರುವುದಿಲ್ಲ. ಮನೆಯ ಗೋಡೆ, ಚರಂಡಿ ಪೈಪುಗಳಿಂದ ದೂರವಿಡಿ. ನೀರು ಹುಡುಕುವ ಬೇರು ಪೈಪಿನ ಬಿರುಕನ್ನೂ ಬಿಡುವುದಿಲ್ಲ.

ಇನ್ನೊಂದು ಎಚ್ಚರಿಕೆ. ತವರಲ್ಲದ ಜಾಗದಲ್ಲಿ ಆಲ್ಡರ್ ಕಳೆಯೂ ಆಗಬಲ್ಲದು. ಉತ್ತರ ಅಮೆರಿಕದ ಕೆಲವೆಡೆ ಮತ್ತು ನ್ಯೂಜಿಲೆಂಡ್‌ನಲ್ಲಿ ಕಪ್ಪು ಆಲ್ಡರ್ ಹೊಳೆಗಳ ಗುಂಟ ಹಬ್ಬಿ ಅಲ್ಲಿನ ಗಿಡಗಳನ್ನು ಒತ್ತರಿಸಿದೆ. ನಿಮ್ಮ ನೆಲದ ಜಾತಿ ಯಾವುದೋ ಅದನ್ನೇ ಆರಿಸಿಕೊಳ್ಳಿ.

ಹಂತ 2: ಬೀಜ ಸಂಗ್ರಹ

ಯುರೋಪಿನ, ಅಮೆರಿಕದ ಜಾತಿಗಳಲ್ಲಿ ಕಾಯಿ ಬಲಿಯುವುದು ಎಲೆ ಉದುರುವ ಕಾಲಕ್ಕೆ. ಹಸಿರು ಕಾಯಿ ಕಂದಾಗಿ ಪದರ ಬಿರಿಯಲು ಶುರುವಾದಾಗ ಕೀಳಬೇಕು. ತಡ ಮಾಡಿದರೆ ಗಾಳಿ ಒಯ್ದಿರುತ್ತದೆ. ಮರದಲ್ಲಿ ಎಷ್ಟೊಂದು ಕಾಯಿ ಇದೆ ಅಂತ ಕಪ್ಪು ಕಾಯಿ ಕಿತ್ತು ತಂದರೆ ಅದು ಹೋದ ವರ್ಷದ ಖಾಲಿ ಡಬ್ಬಿ.

ಕಾಯಿಗಳನ್ನು ಕಾಗದದ ಮೇಲೆ ಹರಡಿ, ಬೆಚ್ಚಗಿನ ಒಣ ಜಾಗದಲ್ಲಿ ಕೆಲವು ದಿನ ಇಡಿ. ತಾವೇ ಬಾಯಿ ಬಿಡುತ್ತವೆ. ಚೀಲಕ್ಕೆ ಹಾಕಿ ಅಲುಗಿಸಿದರೆ ಬೀಜ ಉದುರುತ್ತದೆ. ಬೀಜ ಒಂದೆರಡು ಮಿಲಿಮೀಟರ್, ಚಪ್ಪಟೆ, ಅಂಚಿನಲ್ಲಿ ಗಾಳಿ ತುಂಬಿದ ಪೊರೆ. ಈ ಪೊರೆಯ ದೆಸೆಯಿಂದ ಅದು ನೀರಿನ ಮೇಲೆ ವಾರಗಟ್ಟಲೆ ತೇಲಿ ದೂರದ ದಂಡೆ ಸೇರುತ್ತದೆ. ಹಾಗಾಗಿ ನೀರಿಗೆ ಹಾಕಿ ‘ತೇಲಿದ್ದು ಜೊಳ್ಳು, ಮುಳುಗಿದ್ದು ಗಟ್ಟಿ’ ಅನ್ನುವ ಭತ್ತದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹತ್ತಿಪ್ಪತ್ತು ಬೀಜ ತೆಗೆದು ಉಗುರಿನಲ್ಲಿ ಸೀಳಿ ನೋಡಿ, ಒಳಗೆ ಬಿಳಿ ತಿರುಳಿದ್ದರೆ ಜೀವ ಇದೆ ಅಂತ. ಅರ್ಧಕ್ಕಿಂತ ಹೆಚ್ಚು ಜೊಳ್ಳು ಬಂದರೂ ಗಾಬರಿ ಬೇಡ, ಆಲ್ಡರ್‌ನಲ್ಲಿ ಇದು ಮಾಮೂಲು. ಒತ್ತಾಗಿ ಬಿತ್ತಿದರಾಯಿತು.

ಹಂತ 3: ಚಳಿ ತೋರಿಸಿ ಬಿತ್ತುವುದು

ಬೀಜವನ್ನು 24 ಗಂಟೆ ನೆನೆಸಿ. ಹಸಿ ಮರಳಿನ ಜೊತೆ ಕಲಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಫ್ರಿಜ್ಜಿನ ಕೆಳಗಿನ ಅರೆಯಲ್ಲಿ 3 ರಿಂದ 6 ವಾರ ಇಡಿ. ಉಷ್ಣಾಂಶ 3 ರಿಂದ 5 ಡಿಗ್ರಿ ಸೆಲ್ಸಿಯಸ್ ಇರಲಿ. ಮೇಲಿನ ಅರೆಯಲ್ಲಿಟ್ಟು ಹೆಪ್ಪುಗಟ್ಟಿಸಬೇಡಿ. ಹಿಮಾಲಯದ ಆಲ್ಡರ್ ತಾಜಾ ಬೀಜಕ್ಕೆ ಈ ಉಪಚಾರ ಬೇಡ, ನೇರವಾಗಿ ಬಿತ್ತಬಹುದು.

ಆಮೇಲೆ ಸಣ್ಣ ಮಣ್ಣು, ಮರಳು ಬೆರೆಸಿದ ಟ್ರೇ ಅಥವಾ ಸಸಿಮಡಿಯ ಮೇಲೆ ಚೆಲ್ಲಿ. ಮೇಲೆ ಚೆಲ್ಲಿ ಅಂದೆ, ಒಳಗೆ ಹೂಳಬೇಡಿ. ಈ ಬೀಜಕ್ಕೆ ಮೊಳೆಯಲು ಬೆಳಕು ಬೇಕು, ಮಣ್ಣನ್ನು ಒತ್ತಿಕೊಂಡು ಮೇಲೆ ಬರುವ ಶಕ್ತಿಯೂ ಅದಕ್ಕಿಲ್ಲ. ಅಂಗೈಯಿಂದ ಮೆಲ್ಲಗೆ ಅದುಮಿ, ಬೀಜ ಅರ್ಧಂಬರ್ಧ ಕಾಣುವಷ್ಟು ಮರಳು ಉದುರಿಸಿದರೆ ಸಾಕು. ನೀರನ್ನು ಸ್ಪ್ರೇ ಮಾಡಿ, ಇಲ್ಲವೇ ಟ್ರೇಯನ್ನು ತಟ್ಟೆ ನೀರಿನಲ್ಲಿಟ್ಟು ಕೆಳಗಿನಿಂದ ಹೀರಿಕೊಳ್ಳಲು ಬಿಡಿ. ಮೇಲ್ಮಣ್ಣು ಒಂದು ಮಧ್ಯಾಹ್ನ ಒಣಗಿದರೂ ಆಗತಾನೆ ಮೊಳೆತದ್ದು ಸುಟ್ಟುಹೋಗುತ್ತದೆ. ಎರಡರಿಂದ ನಾಲ್ಕು ವಾರದಲ್ಲಿ ಮೊಳಕೆ ಕಾಣುತ್ತದೆ.

ನಾಲ್ಕು ಎಲೆ ಬಂದಾಗ ಒಂದೊಂದನ್ನೇ ಕವರಿಗೆ ಬದಲಾಯಿಸಿ. ಹತ್ತಿರದಲ್ಲಿ ದೊಡ್ಡ ಆಲ್ಡರ್ ಇದ್ದರೆ ಅದರ ಬುಡದ ಒಂದು ಹಿಡಿ ಮಣ್ಣನ್ನು ಕವರಿನ ಮಣ್ಣಿಗೆ ಸೇರಿಸಿ. ಫ್ರಾಂಕಿಯಾ ಅದರಲ್ಲೇ ಬರುತ್ತದೆ. ಒಂದೆರಡು ಬೇರುಗಂಟನ್ನು ಜಜ್ಜಿ ನೀರಿಗೆ ಕಲಸಿ ಹಾಕಿದರೂ ಆಯಿತು. ಮರ ಮಾತ್ರ ರೋಗವಿಲ್ಲದ್ದಾಗಿರಬೇಕು. ಯೂರಿಯಾ ಹಾಕುವ ಆಸೆ ಬೇಡ: ಸಾರಜನಕ ಪುಕ್ಕಟೆ ಸಿಕ್ಕರೆ ಗಿಡ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ.

ಕಡ್ಡಿ ನೆಟ್ಟು ಬೆಳೆಸಬಹುದಾ ಅಂತ ಕೇಳುತ್ತಾರೆ. ವಿಲೋ ಥರ ಕಡ್ಡಿ ಚುಚ್ಚಿದರೆ ಚಿಗುರುವ ಜಾತಿಯಲ್ಲ ಇದು. ಬಲಿತ ಕಡ್ಡಿ ಬೇರು ಬಿಡುವುದು ಅಪರೂಪ. ಬೀಜವೇ ವಾಸಿ.

ಹಂತ 4: ನೆಡುವುದು

ಸಸಿ 30 ರಿಂದ 60 ಸೆಂಟಿಮೀಟರ್ ಆದಾಗ, ಎಲೆ ಉದುರಿಸಿ ಮಲಗಿರುವ ಕಾಲದಲ್ಲಿ ನೆಡಿ. ಬರಿಬೇರಿನ ಸಸಿಯಾದರೆ ಬೇರಿಗೆ ಬಿಸಿಲು, ಗಾಳಿ ತಾಗಲೇಬಾರದು. ಗುಂಡಿ ತೋಡುವಾಗ ಸಸಿಗಳನ್ನು ದಂಡೆಯ ಮೇಲೆ ಸಾಲಾಗಿ ಮಲಗಿಸುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಒಂದೊಂದೇ ತೆಗೆಯಿರಿ.

ಹೊಳೆದಂಡೆಯಲ್ಲಾದರೆ ನೀರಿನ ಮಾಮೂಲಿ ಮಟ್ಟಕ್ಕಿಂತ ತುಸು ಮೇಲೆ ನೆಡಿ. ಬೆಳೆದ ಮರ ನೆರೆ ತಡೆಯುತ್ತದೆ, ಎಳೆ ಸಸಿಯನ್ನು ತಿಂಗಳುಗಟ್ಟಲೆ ಮುಳುಗಿಸಿದರೆ ಸಾಯುತ್ತದೆ. ಸಸಿಯಿಂದ ಸಸಿಗೆ 2 ರಿಂದ 3 ಮೀಟರ್ ಅಂತರ. ಹಿಂದೆ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳ. ಕಾಲಿನಿಂದ ಮಣ್ಣು ತುಳಿದು, ನೀರು ಹಾಕಿ, ಬುಡಕ್ಕೆ ತರಗೆಲೆ ಹೊದಿಸಿ. ಎರಡು ವರ್ಷ ಸುತ್ತಲಿನ ಹುಲ್ಲು ಕೀಳುತ್ತಿದ್ದರೆ ಸಾಕು, ಆಮೇಲೆ ಅದೇ ಹುಲ್ಲಿನ ಮೇಲೆ ನೆರಳು ಚೆಲ್ಲುತ್ತದೆ. ಮೊದಲ ಬೇಸಿಗೆ ಮಳೆ ಇಲ್ಲದಿದ್ದರೆ ವಾರಕ್ಕೊಮ್ಮೆ ಸಸಿಗೆ 10–15 ಲೀಟರ್ ನೀರು ಕೊಡಿ.

ಹಂತ 5: ಕಡಿಯುವುದು, ಕಾಯುವುದು

ಕಪ್ಪು ಆಲ್ಡರ್ ಸಾಮಾನ್ಯವಾಗಿ 60 ರಿಂದ 100 ವರ್ಷ ಬಾಳುತ್ತದೆ. ಚಳಿಗಾಲದಲ್ಲಿ ಬುಡದ ಹತ್ತಿರ ಕಡಿದರೆ ಮತ್ತೆ ಹಲವು ಕಾಂಡವಾಗಿ ಚಿಗುರುತ್ತದೆ. ಕೆಂಪು ಆಲ್ಡರ್ ಎಳೆಯದಿದ್ದಾಗ ಮಾತ್ರ ಹೀಗೆ ಚಿಗುರುತ್ತದೆ, ಮುದಿಯಾದದ್ದನ್ನು ಕಡಿದರೆ ಹೋದಂತೆಯೇ. ನಾಗಾಲ್ಯಾಂಡಿನ ಖೊನೊಮಾ ಹಳ್ಳಿಯವರು ಹಿಮಾಲಯದ ಆಲ್ಡರ್ ಅನ್ನು ನೆಲದಿಂದ ಸುಮಾರು 2 ಮೀಟರ್ ಎತ್ತರದಲ್ಲಿ ಕಡಿಯುತ್ತಾರೆ. ಕೊಂಬೆ ಸೌದೆಗೆ, ಬೆಳಕು ಬೆಳೆಗೆ, ಗಂಟಿನ ಸಾರ ಮಣ್ಣಿಗೆ. ಹೊಲ ಬೀಳು ಬಿಟ್ಟಾಗ ಅದೇ ಮೋಟುಮರ ಮತ್ತೆ ತಲೆಗೂದಲು ಬಿಡುತ್ತದೆ. ಮರವನ್ನು ಬುಡಕ್ಕೆ ಕಡಿದು ಕೊಲ್ಲದೆ ಕುಮರಿ ಬೇಸಾಯ ಮಾಡುವ ಜಾಣ್ಮೆಯಲ್ಲಿ ನಾನು ಕಂಡ ಒಳ್ಳೆಯ ಉದಾಹರಣೆ ಇದು.

ಕಡಿದ ಮರ ನೆಲದ ಮೇಲೆ ಬೇಗ ಕೊಳೆಯುತ್ತದೆ, ನೀರಿನಲ್ಲಿ ಪೂರ್ತಿ ಮುಳುಗಿದ್ದರೆ ಬಹಳ ಕಾಲ ಬಾಳುತ್ತದೆ. ವೆನಿಸ್ ನಗರದ ಬುನಾದಿಗೆ ಹೊಡೆದ ಕಂಬಗಳಲ್ಲಿ ಆಲ್ಡರ್ ಕೂಡ ಇದೆ.

ಬೇಸಿಗೆಯಲ್ಲಿ ಎಲೆ ತುಂಬ ತೂತಾದರೆ ನೀಲಿ ಹೊಳಪಿನ ಪುಟ್ಟ ದುಂಬಿಯ ಕೆಲಸ. ನೋಡಲು ಭಯವಾಗುತ್ತದೆ, ಮರ ತಡೆದುಕೊಂಡು ಮತ್ತೆ ಚಿಗುರುತ್ತದೆ. ಔಷಧ ಹೊಡೆಯಬೇಡಿ, ಹೊಳೆಗೆ ಹೋಗುತ್ತದೆ.

ನಿಜವಾಗಿ ಹೆದರಬೇಕಾದದ್ದು ಫೈಟಾಫ್ತರಾ ರೋಗಕ್ಕೆ. ಆಲ್ಡರ್‌ಗೆ ಬರುವ ಈ ರೋಗವನ್ನು 1993 ರಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ ಮೊದಲು ಗುರುತಿಸಿದರು, ಆಮೇಲೆ ಯುರೋಪಿನ ಹಲವು ನದಿಗಳಲ್ಲಿ ಕಾಣಿಸಿತು. ಲಕ್ಷಣ ಹೀಗೆ: ನಡುಬೇಸಿಗೆಯಲ್ಲೇ ಎಲೆ ಚಿಕ್ಕದಾಗಿ, ಹಳದಿಯಾಗಿ, ವಿರಳವಾಗುತ್ತದೆ. ಒಂದೇ ವರ್ಷ ಲೆಕ್ಕವಿಲ್ಲದಷ್ಟು ಸಣ್ಣ ಕಾಯಿ ಬಿಡುತ್ತದೆ. ಬುಡದ ತೊಗಟೆಯಲ್ಲಿ ಡಾಂಬರು ಒರೆಸಿದಂಥ ಕಪ್ಪು ಕಲೆ ಕಾಣುತ್ತದೆ. ರೋಗಾಣು ಹರಿಯುವ ನೀರಿನಲ್ಲೂ ಕೆಸರಿನಲ್ಲೂ ಸಾಗುತ್ತದೆ. ವಾಸಿ ಮಾಡುವ ಔಷಧವಿಲ್ಲ. ಬುಡಕ್ಕೆ ಕಡಿದರೆ ಕೆಲವು ಮರ ಆರೋಗ್ಯವಾಗಿ ಮತ್ತೆ ಚಿಗುರುವುದುಂಟು. ಕಡಿದ ಗರಗಸವನ್ನೂ ಬೂಟಿನ ಅಡಿಗೆ ಹತ್ತಿದ ಕೆಸರನ್ನೂ ಅಲ್ಲೇ ತೊಳೆದು ಒಣಗಿಸಿ, ಆಮೇಲೆ ಬೇರೆ ಹೊಳೆಗೆ ಇಳಿಯಿರಿ.